ಕಾವು ಮತ್ತು ಹಿಮ: ಹಿತವೆಲ್ಲಿ, ಅಪಾಯವೆಲ್ಲಿ?

ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ನಾಸಿಕದ ಹೆದ್ದಾರಿ ಮತ್ತು ಘೋಡ್‌ಬಂದರ್ ರಸ್ತೆಗಳು ಸಂಧಿಸುವ ಮಾಜಿವಾಡಾ ನಾಕಾದ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ದಿನಚರಿ ಹೆಚ್ಚುಕಡಿಮೆ ಒಂದೇ ತೆರನಾದುದು. ಬೆಳಿಗ್ಗೆ ಠಾಣೆ ನಿಲ್ದಾಣಕ್ಕೆ ಧಾವಿಸಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತೇ ಪ್ರಯಾಣ ಮಾಡಿ, ದಿನವಿಡೀ ಕಚೇರಿಯ ಕುರ್ಚಿಯಲ್ಲೋ ಹೋಟೆಲಿನ ಒಲೆಯ ಮುಂದೆಯೋ ಕಾರ್ಖಾನೆಯ ಯಂತ್ರದ ಬಳಿಯೋ ದುಡಿದು ರಾತ್ರಿ ಮನೆ ಸೇರುವ ಹೊತ್ತಿಗೆ ಸೊಂಟ, ಕುತ್ತಿಗೆ, ಮಂಡಿ ಇವುಗಳಲ್ಲಿ ಯಾವುದಾದರೊಂದು ತನ್ನ ಇರವನ್ನು ನೆನಪಿಸದೆ ಇರುವುದಿಲ್ಲ. ಆಗ ಕೈ ಹೋಗುವುದು ಎರಡು ವಸ್ತುಗಳ ಕಡೆಗೆ. ಒಂದು, ಕಪಾಟಿನಲ್ಲಿರುವ ರಬ್ಬರಿನ ಬಿಸಿನೀರಿನ ಚೀಲ. ಇನ್ನೊಂದು, ಫ್ರಿಜ್ಜಿನಲ್ಲಿರುವ ಮಂಜುಗಡ್ಡೆ. ಗುಳಿಗೆ ನುಂಗುವಾಗ ವೈದ್ಯರ ಚೀಟಿಯನ್ನು ಎರಡು ಬಾರಿ ಓದುವವರೂ ಇವೆರಡನ್ನು ಬಳಸುವಾಗ ಯಾರನ್ನೂ ಕೇಳುವುದಿಲ್ಲ. ಇವು ಔಷಧಿಗಳಲ್ಲ, ಆದುದರಿಂದ ಇವುಗಳಿಂದ ಕೇಡಿಲ್ಲ ಎಂಬ ನಂಬಿಕೆ ಅಷ್ಟು ಬಲವಾಗಿದೆ.

ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಅರಿಯಲು, ಯಾವ ಮನೆಯಲ್ಲಾದರೂ ನಡೆಯಬಹುದಾದ ಎರಡು ಪ್ರಸಂಗಗಳನ್ನು ಊಹಿಸಿಕೊಳ್ಳಬಹುದು. ಮಳೆಗಾಲದ ಒಂದು ಸಂಜೆ ಗಾಡಿಯಿಂದ ಇಳಿಯುವಾಗ ಮನೆಯ ಸೊಸೆಯ ಕಾಲು ಹೊರಳಿ ಹರಡು ಉಳುಕುತ್ತದೆ. ಮನೆಗೆ ಬಂದೊಡನೆ ಅತ್ತೆ ಅಕ್ಕರೆಯಿಂದ ಉಪ್ಪು ಹುರಿದು ಗಂಟು ಕಟ್ಟಿ ಕಾವು ಕೊಡುತ್ತಾರೆ. ಮರುದಿನ ಬೆಳಗಾಗುವಾಗ ಊತ ಇಮ್ಮಡಿಯಾಗಿರುತ್ತದೆ. ಇನ್ನೊಂದು ಮನೆಯಲ್ಲಿ, ಅನೇಕ ವರ್ಷಗಳಿಂದ ಮಧುಮೇಹವಿರುವ ನಿವೃತ್ತರೊಬ್ಬರು ಪಾದಗಳು ಜೋಮು ಹಿಡಿದಂತಿವೆ, ತಣ್ಣಗಿವೆ ಎಂದು ಜನವರಿಯ ರಾತ್ರಿ ಹೊದಿಕೆಯೊಳಗೆ ಬಿಸಿನೀರಿನ ಚೀಲವನ್ನಿಟ್ಟು ಮಲಗುತ್ತಾರೆ. ಅವರಿಗೆ ಒಳ್ಳೆಯ ನಿದ್ದೆಯೇ ಬರುತ್ತದೆ. ಬೆಳಿಗ್ಗೆ ಅವರ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ ಎದ್ದಿರುವುದನ್ನು ಕಾಣುವವರು ಅವರಲ್ಲ, ಅವರ ಪತ್ನಿ.

ಮೊದಲನೆಯ ತಪ್ಪು ಕೆಲವು ದಿನಗಳ ಕಷ್ಟವನ್ನು ತಂದೀತು. ಎರಡನೆಯದು ಕಾಲನ್ನೇ ಕಳೆಯುವಂತಹುದು. ಎರಡರಲ್ಲಿಯೂ ಉದ್ದೇಶ ಒಳ್ಳೆಯದೇ. ಕೊರತೆ ಇದ್ದುದು ತಿಳುವಳಿಕೆಯಲ್ಲಿ.

ಅಜ್ಜಿಯ ಗಂಟಿನಿಂದ ಆಸ್ಪತ್ರೆಯವರೆಗೆ

ಕಾವು ಕೊಡುವ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ಉಪ್ಪಿನ ಗಂಟು, ಹುರಿದ ಮರಳಿನ ಗಂಟು, ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆ, ಬಾಣಂತಿಯ ಎಣ್ಣೆನೀರು ಇವೆಲ್ಲ ತಲೆಮಾರುಗಳಿಂದ ಬಂದವು. ಇವುಗಳ ಹಿಂದೆ ಆಯುರ್ವೇದದ ಸ್ವೇದನ ಕ್ರಮವಿದೆ. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವು ಇಡಿಯಾಗಿ ಸ್ವೇದನಕ್ಕೇ ಮೀಸಲು. ಅಗ್ನಿಯ ನೆರವಿನಿಂದ ಮಾಡುವ ಸ್ವೇದನದಲ್ಲಿ 13 ಬಗೆಗಳನ್ನು ಅದು ವಿವರಿಸುತ್ತದೆ. ಆದರೆ ಆ ಅಧ್ಯಾಯದ ಹಿರಿಮೆ ಬಗೆಗಳ ಎಣಿಕೆಯಲ್ಲಿಲ್ಲ. ಯಾವಾಗ ನಿಲ್ಲಿಸಬೇಕು, ಯಾರಿಗೆ ಕೊಡಬಾರದು ಎಂಬ ವಿವೇಚನೆಯಲ್ಲಿದೆ. ಚಳಿ ಮತ್ತು ನೋವು ಶಮನವಾಗಿ ಬಿಗಿತ ಸಡಿಲವಾದೊಡನೆ ನಿಲ್ಲಿಸಬೇಕೆಂದು ಅದು ವಿಧಿಸುತ್ತದೆ. ಹೃದಯ ಮತ್ತು ಕಣ್ಣಿನ ಭಾಗಕ್ಕೆ ಮೃದುವಾಗಿ ಕೊಡಬೇಕು, ಇಲ್ಲವೇ ಕೊಡಲೇಬಾರದು. ಸ್ವೇದನಕ್ಕೆ ಅನರ್ಹರಾದವರ ಪಟ್ಟಿಯಲ್ಲಿ ಗರ್ಭಿಣಿಯರು, ಮದ್ಯದ ವಿಕಾರಕ್ಕೆ ತುತ್ತಾದವರು, ಸಂಜ್ಞೆ ತಪ್ಪಿದವರು ಇವರೊಡನೆ ಮಧುಮೇಹಿಗಳೂ ಇದ್ದಾರೆ. ಮನೆಮದ್ದು ಉಳಿದು ಬಂತು; ಅದರ ಪಥ್ಯ ಮಾತ್ರ ದಾರಿಯಲ್ಲಿ ಎಲ್ಲೋ ಕಳಚಿಹೋಯಿತು ಎನ್ನಬೇಕಾಗಿದೆ.

ಆಧುನಿಕ ಪುನಶ್ಚೇತನ ಚಿಕಿತ್ಸೆಯಲ್ಲಿ ಕಾವಿಗೆ ಗೌರವದ ಸ್ಥಾನ ದೊರಕಿದುದು ಬಹುಮಟ್ಟಿಗೆ ಪೋಲಿಯೋ ರೋಗದ ದೆಸೆಯಿಂದ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಪೋಲಿಯೋ ತಗುಲಿದ ಮಕ್ಕಳ ಕೈಕಾಲುಗಳನ್ನು ಪಟ್ಟಿಗಳಿಂದ ಬಿಗಿದು ಅಲುಗಾಡದಂತೆ ಇಡುವುದು ರೂಢಿಯಾಗಿತ್ತು. ಆಸ್ಟ್ರೇಲಿಯದ ದಾದಿ ಎಲಿಜಬೆತ್ ಕೆನ್ನಿ ಎಂಬಾಕೆ ಈ ರೂಢಿಯನ್ನು ಎದುರಿಸಿದರು. ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಉಣ್ಣೆಯ ಬಟ್ಟೆಯನ್ನು ಸೆಟೆದ ಸ್ನಾಯುಗಳಿಗೆ ಸುತ್ತಿ, ನೋವು ಇಳಿದ ಮೇಲೆ ಅಂಗಗಳನ್ನು ಮೆಲ್ಲನೆ ಚಲಿಸುವ ಕ್ರಮವನ್ನು ಬಳಕೆಗೆ ತಂದರು. 1942ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಅವರ ಹೆಸರಿನ ಸಂಸ್ಥೆಯೇ ಆರಂಭವಾಯಿತು. ಕಾವು ನರಗಳನ್ನು ಮರಳಿ ಬದುಕಿಸಲಿಲ್ಲ. ಆದರೆ ಚಲನೆಗೆ ಹಾದಿ ಮಾಡಿಕೊಟ್ಟಿತು. ಈ ಭೇದವನ್ನು ನೆನಪಿನಲ್ಲಿಡುವುದು ಅವಶ್ಯ.

ಮುಂಬಯಿಯೂ ಈ ಇತಿಹಾಸದಿಂದ ಹೊರಗಿಲ್ಲ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಪ್ರಾರಂಭವಾಯಿತು. 1955ರಲ್ಲಿ ಹಾಜಿ ಅಲಿಯ ಬಳಿ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಸ್ಥಾಪಿತವಾಯಿತು. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡುಬಂದುದು 2011ರ ಜನವರಿಯಲ್ಲಿ; 2014ರಲ್ಲಿ ದೇಶವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಇಂದು ಫಿಸಿಯೋಥೆರಪಿಯ ಕೋಣೆಯಲ್ಲಿ ಕಾಣುವವರು ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಮಂಡಿಯ ಕೀಲು ಬದಲಿಸಿಕೊಂಡವರು, ಭುಜ ಬಿಗಿದುಕೊಂಡ ಮಧುಮೇಹಿಗಳು. ರೋಗಿಗಳು ಬದಲಾದರು, ಕಾವಿನ ಪೊಟ್ಟಣವೂ ಹಿಮದ ಪೊಟ್ಟಣವೂ ಉಳಿದಿವೆ.

ಕಾವು ಏನು ಮಾಡುತ್ತದೆ?

ಚರ್ಮದ ಸಾಮಾನ್ಯ ಉಷ್ಣತೆ ಸುಮಾರು 32ರಿಂದ 34 ಡಿಗ್ರಿ ಸೆಲ್ಸಿಯಸ್. ಕಾವು ತಗುಲಿದಾಗ ಆ ಭಾಗದ ಸೂಕ್ಷ್ಮ ರಕ್ತನಾಳಗಳು ಅಗಲವಾಗಿ ರಕ್ತದ ಹರಿವು ಹೆಚ್ಚುತ್ತದೆ. ಸೆಟೆದ ಸ್ನಾಯು ಸಡಿಲವಾಗುತ್ತದೆ. ಕೀಲಿನ ಸುತ್ತಲಿನ ಗಟ್ಟಿಯಾದ ನಾರುಗಳು ತುಸು ಮೆತ್ತಗಾಗಿ ಹಿಗ್ಗಲು ಒಪ್ಪುತ್ತವೆ. ಅಂಗಾಂಶದ ಉಷ್ಣತೆ 40ರಿಂದ 45 ಡಿಗ್ರಿಯ ನಡುವೆ ಇದ್ದಾಗ ಈ ಗುಣ ದೊರೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಫಲ ಸ್ವಲ್ಪ, ಮೀರಿದರೆ ಸುಡುತ್ತದೆ. ಹಿತಕ್ಕೂ ಹಾನಿಗೂ ನಡುವಿನ ಅಂತರ ಕೆಲವೇ ಡಿಗ್ರಿಗಳು ಎಂಬುದು ಗಮನಾರ್ಹ.

ನೋವು ಏಕೆ ಇಳಿಯುತ್ತದೆ ಎಂಬುದಕ್ಕೂ ವಿಜ್ಞಾನ ಉತ್ತರ ನೀಡಿದೆ. ನೋವಿನ ಸುದ್ದಿ ಮಿದುಳಿಗೆ ಹೋಗುವ ಮಾರ್ಗದಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಗೆಯ ಬಾಗಿಲಿದೆ. ಸ್ಪರ್ಶ ಮುಂತಾದ ಇತರ ಸಂವೇದನೆಗಳು ಆ ಬಾಗಿಲನ್ನು ಭಾಗಶಃ ಮುಚ್ಚಬಲ್ಲವು ಎಂಬ ಸಿದ್ಧಾಂತವನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದರು. ಚರ್ಮದ ನರಗಳ ತುದಿಯಲ್ಲಿ ಬಿಸಿಯನ್ನೂ ತಂಪನ್ನೂ ಗುರುತಿಸುವ ಬೇರೆ ಬೇರೆ ಗ್ರಾಹಕಗಳಿವೆ ಎಂಬುದನ್ನು ಕಂಡುಹಿಡಿದ ಕಾರ್ಯಕ್ಕಾಗಿ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು, ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರೊಡನೆ ಹಂಚಿಕೊಂಡರು. ಬಿಸಿಯ ಗ್ರಾಹಕ ಸುಮಾರು 43 ಡಿಗ್ರಿಯಲ್ಲಿ ಎಚ್ಚರಗೊಂಡು 'ಇನ್ನು ಸಾಕು' ಎಂದು ಕೂಗತೊಡಗುತ್ತದೆ. ಮೆಣಸಿನಕಾಯಿಯ ಖಾರ ಎಚ್ಚರಿಸುವುದೂ ಇದೇ ಗ್ರಾಹಕವನ್ನು. ಪುದೀನ ಸತ್ವವಾದ ಮೆಂಥಾಲ್ ತಂಪಿನ ಗ್ರಾಹಕವನ್ನು ಎಚ್ಚರಿಸುತ್ತದೆ. 1893ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿದ ಅಮೃತಾಂಜನವನ್ನು ಹಣೆಗೆ ಹಚ್ಚಿದಾಗ ಆಗುವ ತಂಪಿನ ಅನುಭವವೂ ಇಂತಹುದೇ. ಅಲ್ಲಿ ಚರ್ಮ ನಿಜವಾಗಿ ತಣ್ಣಗಾಗಿರಬೇಕೆಂದಿಲ್ಲ.

ಕಾವಿನ ಫಲವನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಬೆನ್ನುನೋವಿನ ಬಗ್ಗೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು, ಹೊಸದಾಗಿ ಬಂದ ಬೆನ್ನುನೋವಿಗೆ ಕಾವಿನಿಂದ ಅಲ್ಪಕಾಲದ, ಸಣ್ಣ ಪ್ರಮಾಣದ ಉಪಶಮನ ದೊರೆಯುತ್ತದೆಂದು ಹೇಳಿತು. ಸಣ್ಣ ಉಪಶಮನವೂ ಬೆಲೆಯುಳ್ಳದ್ದೇ. ಆದರೆ ಅದಕ್ಕಾಗಿ ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಲಾಭದ ವ್ಯವಹಾರವಲ್ಲ.

ಹಿಮ ಏನು ಮಾಡುತ್ತದೆ?

ಹಿಮದ ಕಾರ್ಯ ಇದಕ್ಕೆ ಬಹುಪಾಲು ವಿರುದ್ಧವಾದುದು. ರಕ್ತನಾಳಗಳು ಸಂಕುಚಿತವಾಗುತ್ತವೆ, ನರಗಳಲ್ಲಿ ಸುದ್ದಿಯ ವೇಗ ಕುಗ್ಗುತ್ತದೆ, ನೋವು ಮಂಕಾಗುತ್ತದೆ. ಆದುದರಿಂದ ಹೊಸ ಉಳುಕು, ಹೊಸ ಪೆಟ್ಟು, ಶಸ್ತ್ರಚಿಕಿತ್ಸೆಯ ನಂತರದ ಊತ ಇವುಗಳಲ್ಲಿ ಹಿಮಕ್ಕೆ ಸ್ಥಾನವಿದೆ. ಪೆಟ್ಟು ಬಿದ್ದ ಮೊದಲ 48ರಿಂದ 72 ಗಂಟೆಗಳಲ್ಲಿ ಕಾವು ಕೊಟ್ಟರೆ, ಒಡೆದ ಸೂಕ್ಷ್ಮ ನಾಳಗಳಿಂದ ರಕ್ತವೂ ದ್ರವವೂ ಮತ್ತಷ್ಟು ಸೋರಿ ಊತ ಹೆಚ್ಚುವ ಸಂಭವವಿದೆ. ಮೇಲೆ ಹೇಳಿದ ಸೊಸೆಯ ಹರಡಿಗೆ ಆದುದು ಇದೇ.

ಆದರೆ ಹಿಮದ ವಿಷಯದಲ್ಲಿಯೂ ಅಭಿಪ್ರಾಯಗಳು ಬದಲಾಗಿವೆ. ವಿಶ್ರಾಂತಿ, ಹಿಮ, ಪಟ್ಟಿಯ ಬಿಗಿತ, ಅಂಗವನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ಅಂಗಗಳ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರಲ್ಲಿ ಜನಪ್ರಿಯಗೊಳಿಸಿದರು. ಇಡೀ ಜಗತ್ತು ಅದನ್ನು ಬಾಯಿಪಾಠ ಮಾಡಿತು. 2014ರ ಸುಮಾರಿಗೆ ಅದೇ ಮರ್ಕಿನ್, ದೀರ್ಘಕಾಲ ಹಿಮ ಇಡುವುದೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಊತವೆಂಬುದು ಕೇವಲ ಶತ್ರುವಲ್ಲ; ದುರಸ್ತಿಯ ಕೆಲಸಗಾರರಾದ ಜೀವಕೋಶಗಳು ಬರುವುದೂ ಅದೇ ಪ್ರವಾಹದಲ್ಲಿ. 2019ರಲ್ಲಿ ತಜ್ಞರು ಮಂಡಿಸಿದ ಹೊಸ ಸೂತ್ರವೊಂದರಲ್ಲಿ ಹಿಮಕ್ಕೆ ಸ್ಥಾನವನ್ನೇ ಕೊಟ್ಟಿಲ್ಲ. ಆದುದರಿಂದ ಇಂದಿನ ವಿವೇಕದ ನಿಲುವು ಹೀಗಿದೆ: ಮೊದಲ ಒಂದೆರಡು ದಿನ ನೋವು ತಡೆಯಲು ಹಿಮವನ್ನು ಸ್ವಲ್ಪ ಹೊತ್ತು ಬಳಸಬಹುದು, ಅದರಿಂದ ಗಾಯ ಬೇಗ ಮಾಯುತ್ತದೆಂಬ ಭ್ರಮೆ ಬೇಡ.

ಉಷ್ಣತೆ ಮತ್ತು ಸಮಯದ ಲೆಕ್ಕ

ಸುಡುವುದೆಂದರೆ ಬೆಂಕಿ ತಗುಲುವುದು ಎಂದೇ ಬಹುಜನರ ಎಣಿಕೆ. ವಾಸ್ತವದಲ್ಲಿ ಸುಡುವಿಕೆ ಎರಡು ಅಂಕೆಗಳ ಲೆಕ್ಕ: ಉಷ್ಣತೆ ಎಷ್ಟು, ಎಷ್ಟು ಹೊತ್ತು. ಮೋರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಸಂಶೋಧನೆ ಇಂದಿಗೂ ಇದರ ಆಧಾರವಾಗಿದೆ. ಅದರ ಪ್ರಕಾರ ಚರ್ಮಕ್ಕೆ 60 ಡಿಗ್ರಿಯ ಬಿಸಿ ತಗುಲಿದರೆ ಸುಮಾರು 5 ಸೆಕೆಂಡುಗಳಲ್ಲಿ ಹಾನಿಯಾಗುತ್ತದೆ. 51 ಡಿಗ್ರಿಗೆ ಕೆಲವೇ ನಿಮಿಷಗಳು ಸಾಕು. 48 ಡಿಗ್ರಿಗೆ ಸುಮಾರು ಕಾಲು ಗಂಟೆ. 44 ಡಿಗ್ರಿಯಲ್ಲಿ ಸುಮಾರು 6 ಗಂಟೆ ಬೇಕು.

ಈ ಕೊನೆಯ ಅಂಕೆಯನ್ನು ಮತ್ತೊಮ್ಮೆ ಓದುವುದು ಒಳ್ಳೆಯದು. 44 ಡಿಗ್ರಿ ಎಂದರೆ ಮುಟ್ಟಿದರೆ 'ಹಿತವಾದ ಬಿಸಿ' ಎನಿಸುವ ಮಟ್ಟಕ್ಕಿಂತ ಸ್ವಲ್ಪವೇ ಹೆಚ್ಚು. 6 ಗಂಟೆ ಎಂದರೆ ಒಂದು ರಾತ್ರಿಯ ನಿದ್ದೆ. ರಬ್ಬರಿನ ಚೀಲ ಕ್ರಮೇಣ ತಣ್ಣಗಾದರೂ ಆಗುತ್ತದೆ. ವಿದ್ಯುತ್ತಿನಿಂದ ಬಿಸಿಯಾಗುವ ಪಟ್ಟಿ ತಣ್ಣಗಾಗುವುದೇ ಇಲ್ಲ. ಅದನ್ನು ಕಟ್ಟಿಕೊಂಡು ನಿದ್ರಿಸುವವರು ಈ ಲೆಕ್ಕವನ್ನು ತಿಳಿದಿರಬೇಕು. ಸುಡದಷ್ಟು ಮೆಲ್ಲಗಿನ ಕಾವನ್ನೇ ತಿಂಗಳುಗಟ್ಟಲೆ ದಿನವೂ ಒಂದೇ ಜಾಗಕ್ಕೆ ಕೊಡುತ್ತಿದ್ದರೆ ಚರ್ಮದ ಮೇಲೆ ಬಲೆಯಂತಹ ಕಂದು ಗೆರೆಗಳು ಮೂಡುತ್ತವೆ. ಅವು ಕಂಡೊಡನೆ ಕಾವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಆಸ್ಪತ್ರೆಯಲ್ಲಿ 52 ಡಿಗ್ರಿಯ ಕರಗಿದ ಮೇಣದಲ್ಲಿ ಕೈ ಅದ್ದಿಸುತ್ತಾರಲ್ಲ, ಅದು ಸುಡುವುದಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಮೇಣವು ಶಾಖವನ್ನು ನೀರಿಗಿಂತ ಬಹಳ ನಿಧಾನವಾಗಿ ದಾಟಿಸುತ್ತದೆ. ಅದ್ದಿದೊಡನೆ ಚರ್ಮಕ್ಕೆ ತಾಗಿದ ಪದರ ಹೆಪ್ಪುಗಟ್ಟಿ ರಕ್ಷಣೆಯಾಗುತ್ತದೆ. ಅಷ್ಟೇ ಬಿಸಿಯಾದ ನೀರಿನಲ್ಲಿ ಕೈಯಿಟ್ಟರೆ ಕಥೆ ಬೇರೆ. ಹಾಗೆಯೇ ಫಿಸಿಯೋಥೆರಪಿ ಕೋಣೆಯ ಬಿಸಿ ಪೊಟ್ಟಣವನ್ನು 70 ಡಿಗ್ರಿಗೂ ಹೆಚ್ಚು ಬಿಸಿಯಾದ ನೀರಿನಿಂದ ತೆಗೆದರೂ, ಆರರಿಂದ ಎಂಟು ಪದರಗಳ ಟವೆಲು ಸುತ್ತಿಯೇ ಮೈಮೇಲಿಡುತ್ತಾರೆ. ಮನೆಯಲ್ಲಿ ಅನುಕರಿಸುವವರು ಬಿಸಿಯನ್ನು ಅನುಕರಿಸಿ ಪದರಗಳನ್ನು ಮರೆಯುವುದುಂಟು.

ಹಿಮಕ್ಕೂ ಇಂತಹ ಲೆಕ್ಕವಿದೆ. ಕರಗುತ್ತಿರುವ ಮಂಜುಗಡ್ಡೆ ಯಾವಾಗಲೂ ಸೊನ್ನೆ ಡಿಗ್ರಿಯಲ್ಲಿರುತ್ತದೆ. ಒಂದು ಗ್ರಾಂ ಮಂಜು ಕರಗಲು 80 ಕ್ಯಾಲೊರಿ ಶಾಖವನ್ನು ಹೀರುವುದರಿಂದ ಅದರ ತಂಪು ಸಮವಾಗಿಯೂ ದೀರ್ಘವಾಗಿಯೂ ಇರುತ್ತದೆ. ಆದರೆ ಔಷಧಿ ಅಂಗಡಿಯಲ್ಲಿ ದೊರೆಯುವ ನೀಲಿ ಜೆಲ್ಲಿನ ಪೊಟ್ಟಣವನ್ನು ಫ್ರೀಜರಿನಲ್ಲಿಟ್ಟರೆ ಸೊನ್ನೆಗಿಂತ 18 ಡಿಗ್ರಿ ಕೆಳಕ್ಕೆ ಇಳಿಯಬಲ್ಲದು. ಮೃದುವಾಗಿಯೇ ಉಳಿಯುವುದರಿಂದ ಅದು ಎಷ್ಟು ತಣ್ಣಗಿದೆ ಎಂಬುದು ಕೈಗೆ ತಿಳಿಯದು. ಅದನ್ನು ಬರಿಯ ಚರ್ಮದ ಮೇಲಿಡುವುದು ಮಂಜುಗಡ್ಡೆ ಇಡುವುದಕ್ಕಿಂತಲೂ ಅಪಾಯಕರ.

ಕಾವಲುಗಾರನಿಲ್ಲದ ಚರ್ಮ

ಇಷ್ಟೆಲ್ಲ ಅಂಕೆಗಳನ್ನು ಯಾರೂ ದಿನವೂ ನೆನಪಿಡುವುದಿಲ್ಲ. ನೆನಪಿಡುವ ಅವಶ್ಯಕತೆಯೂ ಸಾಮಾನ್ಯವಾಗಿ ಬೀಳುವುದಿಲ್ಲ. ಏಕೆಂದರೆ ಆರೋಗ್ಯವಂತನ ಚರ್ಮದಲ್ಲಿ ಕಾವಲುಗಾರನಿದ್ದಾನೆ. ಬಿಸಿ ಹೆಚ್ಚಾದೊಡನೆ ಕೈಕಾಲು ತಾನಾಗಿಯೇ ಹಿಂದೆ ಸರಿಯುತ್ತದೆ. ಶಾಖ ಮತ್ತು ಶೈತ್ಯ ಚಿಕಿತ್ಸೆಯ ಸುರಕ್ಷತೆಯೆಲ್ಲ ನಿಂತಿರುವುದು ಈ ಒಂದು ಸಂವೇದನೆಯ ಮೇಲೆ. ಅದು ಇಲ್ಲದ ಕಡೆ ಈ ಚಿಕಿತ್ಸೆಗೆ ಆಧಾರವೇ ಇಲ್ಲ.

ಈ ಸತ್ಯವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಡಾ. ಪಾಲ್ ಬ್ರಾಂಡ್ ಪ್ರಮುಖರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಉತ್ತರಾರ್ಧದಿಂದ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸತೊಡಗಿದರು. ಕುಷ್ಠದಿಂದ ಬೆರಳುಗಳು ತಾವಾಗಿಯೇ ಉದುರುತ್ತವೆಂಬುದು ಅಂದಿನ ನಂಬಿಕೆ. ಅದು ನಿಜವಲ್ಲವೆಂದು ಬ್ರಾಂಡ್ ಕಂಡುಕೊಂಡರು. ರೋಗವು ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಸಿದುಕೊಳ್ಳುತ್ತದೆ. ಆ ಬಳಿಕ ಬಿಸಿ ಪಾತ್ರೆಯನ್ನು ಹಿಡಿದಾಗಲೂ ಗಾಯದ ಕಾಲಿನಲ್ಲಿ ನಡೆದಾಗಲೂ ರೋಗಿಗೆ ತಿಳಿಯುವುದಿಲ್ಲ. ಬೆರಳುಗಳು ನಾಶವಾಗುತ್ತಿದ್ದುದು ಹೀಗೆ ಮತ್ತೆ ಮತ್ತೆ ಆಗುವ, ಅರಿವಿಗೆ ಬಾರದ ಗಾಯಗಳಿಂದ. ಮುಂದೆ ಅಮೆರಿಕಕ್ಕೆ ಹೋದ ಬ್ರಾಂಡ್ ಇದೇ ತಿಳುವಳಿಕೆಯನ್ನು ಮಧುಮೇಹಿಗಳ ಪಾದಗಳ ರಕ್ಷಣೆಗೂ ಅನ್ವಯಿಸಿದರು. ನೋವು ಮನುಷ್ಯನಿಗೆ ದೊರೆತ ವರ ಎಂಬುದು ಅವರ ಬಾಳಿನ ಅನುಭವವಾಗಿತ್ತು.

ಮಧುಮೇಹ ಹಲವು ವರ್ಷ ಹಳೆಯದಾದಾಗ ಪಾದದ ನರಗಳು ಇದೇ ಬಗೆಯಲ್ಲಿ ಮಂಕಾಗುತ್ತವೆ. ವಿಪರ್ಯಾಸವೆಂದರೆ ಅದೇ ನರಗಳ ದೋಷದಿಂದ ಪಾದ ತಣ್ಣಗಿರುವಂತೆ, ಜೋಮು ಹಿಡಿದಂತೆ ಭಾಸವಾಗುತ್ತದೆ. ಅಂದರೆ ಯಾರಿಗೆ ಕಾವು ಅತ್ಯಂತ ಅಪಾಯಕರವೋ ಅವರಿಗೇ ಕಾವಿನ ಆಸೆ ಹೆಚ್ಚು. ಇಂತಹವರ ರಕ್ತನಾಳಗಳೂ ಕಿರಿದಾಗಿದ್ದರೆ ಬಂದ ಶಾಖವನ್ನು ಕೊಂಡೊಯ್ಯುವಷ್ಟು ರಕ್ತವೂ ಹರಿಯದು. ಸುಟ್ಟ ಗಾಯ ಮಾಯುವುದೂ ಕಷ್ಟ. ಪಾದದಲ್ಲಿ ಸ್ಪರ್ಶಜ್ಞಾನವಿದೆಯೇ ಎಂದು ತಿಳಿಯಲು ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದದ ಮೇಲೆ ಒತ್ತಿ ನೋಡುತ್ತಾರೆ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಿಕೊಳ್ಳುವುದು ಅವಶ್ಯ.

ಪಾರ್ಶ್ವವಾಯುವಿನಲ್ಲಿಯೂ ದುರ್ಬಲವಾದ ಪಾರ್ಶ್ವದಲ್ಲಿ ಸಂವೇದನೆ ಕುಂದಿರಬಹುದು. ಬಿಗಿದ ಭುಜಕ್ಕೆ ಕಾವು ಕೊಡುವ ಮನೆಯವರು ಇದನ್ನು ಮರೆಯಬಾರದು, 'ಬಿಸಿ ಸಾಕೇ?' ಎಂದು ಕೇಳಿದಾಗ ಮಾತು ಹೊರಡದ ರೋಗಿ ಉತ್ತರ ಕೊಡಲಾರ. ಮಂಡಿಯ ಕೀಲು ಬದಲಿಸಿಕೊಂಡವರಿಗೆ ಶಸ್ತ್ರಚಿಕಿತ್ಸೆಯ ಗಾಯದ ಹೊರಬದಿಯಲ್ಲಿ ಅಂಗೈಯಷ್ಟಗಲ ಜಾಗ ಮರಗಟ್ಟಿರುವುದು ಸಾಮಾನ್ಯ. ಚರ್ಮದ ಸಣ್ಣ ನರವೊಂದು ಅಲ್ಲಿ ಕತ್ತರಿಸಲ್ಪಡುವುದೇ ಕಾರಣ. ಹಿಮ ಇಡುವಾಗ ಆ ಜಾಗವನ್ನು ಕಣ್ಣಿನಿಂದ ನೋಡಿಕೊಳ್ಳಬೇಕೇ ಹೊರತು ಅನುಭವವನ್ನು ನಂಬಿ ಕೂರಬಾರದು.

ಫಿಸಿಯೋಥೆರಪಿಸ್ಟರು ಚಿಕಿತ್ಸೆಗೆ ಮುನ್ನ ಎರಡು ಗಾಜಿನ ನಳಿಕೆಗಳಲ್ಲಿ ಬೆಚ್ಚನೆಯ ಮತ್ತು ತಣ್ಣನೆಯ ನೀರನ್ನು ತುಂಬಿ, ರೋಗಿಯ ಕಣ್ಣು ಮುಚ್ಚಿಸಿ ಒಂದೊಂದನ್ನೇ ಚರ್ಮಕ್ಕೆ ತಾಗಿಸಿ ಕೇಳುತ್ತಾರೆ. ಮನೆಯಲ್ಲಿ ಎರಡು ಸಣ್ಣ ಸ್ಟೀಲಿನ ಲೋಟಗಳಿಂದ ಇದನ್ನೇ ಮಾಡಿ ನೋಡಬಹುದು. ಬೆಚ್ಚನೆಯದೆಂದರೆ ಬರಿ ಉಗುರುಬೆಚ್ಚಗಿನದು. ಉತ್ತರ ತಪ್ಪಿದರೆ, ಅಥವಾ ತಡವರಿಸಿ ಬಂದರೆ, ಆ ಜಾಗಕ್ಕೆ ಕಾವೂ ಬೇಡ, ಹಿಮವೂ ಬೇಡ. ಉತ್ತರ ಸರಿಯಾಗಿ ಬಂದಿತೆಂದು ವೈದ್ಯರ ಪರೀಕ್ಷೆಯನ್ನು ಬಿಡುವಂತಿಲ್ಲ.

ಕಾವು ಕೊಡುವ ಕ್ರಮ

ಹಳೆಯ ಸೊಂಟನೋವು, ಬೆಳಗಿನ ಬಿಗಿತ, ಸವೆದ ಮಂಡಿ, ಸೆಟೆದ ಕುತ್ತಿಗೆ ಇವುಗಳಿಗೆ ಕಾವು ಹಿತಕರ. ಅದರ ಕ್ರಮ ಹೀಗೆ:

1. ಚೀಲಕ್ಕೆ ಕುದಿಯುವ ನೀರನ್ನು ಎಂದಿಗೂ ಹಾಕಬಾರದು. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಗಾಳಿಯನ್ನು ಹೊರದೂಡಿ, ಮುಚ್ಚಳವನ್ನು ಬಿಗಿದು, ತಲೆಕೆಳಗಾಗಿ ಹಿಡಿದು ಸೋರುವುದೇ ಎಂದು ನೋಡಬೇಕು. ಬಿರುಕು ಕಂಡ ಹಳೆಯ ಚೀಲವನ್ನು ಎಸೆಯುವುದರಲ್ಲಿ ನಷ್ಟವಿಲ್ಲ.

2. ಚೀಲಕ್ಕೆ ದಪ್ಪ ಟವೆಲು ಸುತ್ತಬೇಕು. ಬಿಸಿಯನ್ನು ಪರೀಕ್ಷಿಸಬೇಕಾದವರು ರೋಗಿಯಲ್ಲ, ಸಂವೇದನೆ ಚೆನ್ನಾಗಿರುವ ಮತ್ತೊಬ್ಬರು.

3. ಚೀಲ ಮೈಮೇಲಿರಬೇಕು, ಮೈ ಚೀಲದ ಮೇಲಿರಬಾರದು. ಅದರ ಮೇಲೆ ಮಲಗಿದರೆ ದೇಹದ ಭಾರದಿಂದ ಚರ್ಮದ ರಕ್ತ ಹಿಂಡಿಹೋಗಿ, ಶಾಖವನ್ನು ಸಾಗಿಸುವ ದಾರಿ ಮುಚ್ಚುತ್ತದೆ.

4. 15ರಿಂದ 20 ನಿಮಿಷ ಸಾಕು. ಐದು ನಿಮಿಷಕ್ಕೊಮ್ಮೆ ಟವೆಲು ಸರಿಸಿ ಚರ್ಮವನ್ನು ನೋಡಬೇಕು. ಸಮನಾದ ತಿಳಿಗೆಂಪು ಸರಿ; ಬಿಳಿ ಕೆಂಪು ಮಚ್ಚೆಗಳು ಕಂಡರೆ ಕೂಡಲೇ ತೆಗೆಯಬೇಕು.

5. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಕಾವು ಕೊಡಬಾರದು. ಮುಲಾಮು ಚರ್ಮವನ್ನು ಕೆರಳಿಸಿ, ಬಿಸಿಯ ಅರಿವನ್ನೂ ಕಲಕಿರುತ್ತದೆ. ಚೆನ್ನಾಗಿ ತೊಳೆದು ಸ್ವಲ್ಪ ಕಾಲ ಬಿಟ್ಟು ಕೊಡುವುದು ಯುಕ್ತ.

6. ಕಾವಿನೊಡನೆ ನಿದ್ರಿಸಬಾರದು. ನಿದ್ದೆಯ ಗುಳಿಗೆ ಅಥವಾ ಮದ್ಯ ಸೇವಿಸಿದವರಿಗೆ ಕಾವು ಕೊಡಲೇಬಾರದು.

'ಸ್ವಲ್ಪ ತಡೆದುಕೊಳ್ಳಿ, ಬಿಸಿ ಇದ್ದರೇ ಗುಣ' ಎಂಬ ಮಾತನ್ನು ಮನೆಗಳಲ್ಲಿ ಕೇಳುವುದುಂಟು. ಇದಕ್ಕಿಂತ ತಪ್ಪಾದ ಮಾತಿಲ್ಲ. ತಡೆದುಕೊಳ್ಳಬೇಕಾಗಿ ಬಂದ ಕಾವು ಆಗಲೇ ಮಿತಿ ಮೀರಿದೆ.

ಹಿಮ ಇಡುವ ಕ್ರಮ

ಮಂಜುಗಡ್ಡೆಯನ್ನು ಪುಡಿ ಮಾಡಿ ಒದ್ದೆ ಟವೆಲಿನಲ್ಲಿ ಸುತ್ತಿ ಇಡುವುದು ಅತ್ಯಂತ ಸುಲಭವಾದ, ಅಗ್ಗದ ವಿಧಾನ. 10ರಿಂದ 15 ನಿಮಿಷ ಇಟ್ಟು ತೆಗೆಯಬೇಕು; ಮತ್ತೆ ಇಡುವುದಾದರೆ ಚರ್ಮ ಪೂರ್ಣವಾಗಿ ಬೆಚ್ಚಗಾದ ಮೇಲೆ, ಎರಡು ಗಂಟೆಗಳ ಅಂತರದಲ್ಲಿ. ಹಿಮ ಇಟ್ಟಾಗ ಅನುಭವವು ನಾಲ್ಕು ಹಂತಗಳಲ್ಲಿ ಸಾಗುತ್ತದೆ: ಮೊದಲು ಚಳಿ, ಆಮೇಲೆ ಉರಿ, ಆಮೇಲೆ ಸೆಳೆತ, ಕೊನೆಗೆ ಮರವು. ಮರಗಟ್ಟಿದುದೇ ನಿಲ್ಲಿಸುವ ಸೂಚನೆ. ಮಂಡಿಯ ಹೊರಬದಿಯಲ್ಲಿ ಕೆಳಗೆ ಕೈಗೆ ತಗಲುವ ಎಲುಬಿನ ಗುಬಟದ ಬಳಿ ಒಂದು ಮುಖ್ಯ ನರ ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುತ್ತದೆ. ಅಲ್ಲಿ ದೀರ್ಘಕಾಲ ಹಿಮವನ್ನು ಬಿಗಿದು ಕಟ್ಟಿದರೆ ನರಕ್ಕೆ ಪೆಟ್ಟಾಗಿ ಪಾದವನ್ನು ಮೇಲೆತ್ತಲು ಆಗದಂತಾದ ಪ್ರಸಂಗಗಳು ವೈದ್ಯಕೀಯ ವಾಙ್ಮಯದಲ್ಲಿ ದಾಖಲಾಗಿವೆ. ಮೊಣಕೈಯ ಒಳಬದಿಗೂ ಈ ಎಚ್ಚರ ಸಲ್ಲುತ್ತದೆ.

ಉಳುಕಿದ ಕಾಲಿನ ಮೇಲೆ ನಾಲ್ಕು ಹೆಜ್ಜೆ ಭಾರ ಹಾಕಲಾಗದಿದ್ದರೆ, ಅಥವಾ ಹರಡಿನ ಎಲುಬನ್ನು ಒತ್ತಿದಾಗ ತೀವ್ರ ನೋವಾದರೆ, ಹಿಮವನ್ನು ನಂಬಿ ಕುಳಿತುಕೊಳ್ಳದೆ ಕ್ಷಕಿರಣ ಪರೀಕ್ಷೆ ಮಾಡಿಸಬೇಕು.

ಯಾರಿಗೆ ಸಲ್ಲದು?

ಸ್ಪರ್ಶಜ್ಞಾನ ಕುಂದಿದ ಭಾಗಕ್ಕೂ ರಕ್ತಸಂಚಾರ ಕುಂದಿದ ಕಾಲಿಗೂ ಎರಡೂ ಸಲ್ಲವು. ಕೀವು ತುಂಬಿದ ಬಾವು, ರಕ್ತಸ್ರಾವ, ಕ್ಯಾನ್ಸರ್ ಗಡ್ಡೆ ಇರುವ ಜಾಗ, ಗರ್ಭಿಣಿಯ ಹೊಟ್ಟೆ ಮತ್ತು ಸೊಂಟ ಇವುಗಳಿಗೆ ಕಾವು ನಿಷಿದ್ಧ. ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದುದರ ಲಕ್ಷಣವಾಗಿರಬಹುದು. ಅದನ್ನು ತಿಕ್ಕದೆ, ಕಾವು ಕೊಡದೆ ಆಸ್ಪತ್ರೆಗೆ ಹೋಗಬೇಕು. ಚಳಿಗೆ ಬೆರಳುಗಳು ಬಿಳಿಚಿಕೊಳ್ಳುವವರಿಗೂ, ತಂಪು ತಗುಲಿದಲ್ಲಿ ಪಿತ್ತದ ಗಂಧೆ ಏಳುವವರಿಗೂ ಹಿಮ ಒಗ್ಗದು. ಕೆಲವು ಸೆಂಟಿಮೀಟರುಗಳಷ್ಟು ಆಳಕ್ಕೆ ಶಾಖವನ್ನು ಇಳಿಸುವ ಡಯಾಥರ್ಮಿ ಯಂತ್ರವನ್ನು ಹೃದಯದ ಪೇಸ್‌ಮೇಕರ್ ಇರುವವರಿಗೆ ಬಳಸುವಂತಿಲ್ಲ. ಮೈಯೊಳಗೆ ಲೋಹದ ಪಟ್ಟಿ ಅಥವಾ ಮೊಳೆಗಳಿರುವವರು ಅದನ್ನು ಮೊದಲೇ ತಿಳಿಸತಕ್ಕದ್ದು.

ಸುಟ್ಟರೆ ಮಾಡಬೇಕಾದುದು

ಎಷ್ಟೇ ಎಚ್ಚರವಿದ್ದರೂ ಅಚಾತುರ್ಯ ನಡೆಯುವುದುಂಟು. ಆಗ ಸುಟ್ಟ ಜಾಗವನ್ನು ನಲ್ಲಿಯ ತಣ್ಣೀರಿನ ಧಾರೆಯ ಕೆಳಗೆ 20 ನಿಮಿಷ ಹಿಡಿಯಬೇಕು. ಉಂಗುರ, ಬಳೆ, ಕಾಲುಂಗುರಗಳನ್ನು ಊತ ಬರುವ ಮುನ್ನವೇ ತೆಗೆಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟು, ಅರಿಶಿನ, ತುಪ್ಪ, ಶಾಯಿ ಇವು ಯಾವುವನ್ನೂ ಹಚ್ಚಬಾರದು, ಬೊಬ್ಬೆಯನ್ನು ಒಡೆಯಬಾರದು. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಬೇಕು. ಮಧುಮೇಹಿಯ ಪಾದ ಸುಟ್ಟರೆ, ಗಾಯ ಎಷ್ಟೇ ಚಿಕ್ಕದಾಗಿರಲಿ, ನೋವು ಇಲ್ಲದಿರಲಿ, ಅಂದೇ ವೈದ್ಯರ ಬಳಿಗೆ ಹೋಗಬೇಕು. ನೋವಿಲ್ಲವೆಂಬುದು ಅಲ್ಲಿ ಸಮಾಧಾನದ ಸಂಗತಿಯಲ್ಲ, ಅಪಾಯದ ಸಂಗತಿ.

ಕಾವಿನ ನಂತರ

ಕೊನೆಯದಾಗಿ ಒಂದು ಮಾತು. ಕಾವಾಗಲಿ ಹಿಮವಾಗಲಿ ತಾನೇ ಪುನಶ್ಚೇತನವಲ್ಲ. ಭೂಮಿಯನ್ನು ಹದ ಮಾಡುವುದು ಬೇರೆ, ಬಿತ್ತುವುದು ಬೇರೆ. ಕಾವು ಕೊಟ್ಟು ಮೈ ಹದವಾದ ಮೇಲಿನ ಹತ್ತು ಹದಿನೈದು ನಿಮಿಷ ಬಹು ಬೆಲೆಯುಳ್ಳದ್ದು. ಬಿಗಿದ ಭುಜವನ್ನು ಗೋಡೆಯ ಮೇಲೆ ಬೆರಳುಗಳಿಂದ ಏರಿಸುವುದು, ಕುಳಿತಲ್ಲಿಯೇ ಮಂಡಿಯನ್ನು ನೇರ ಮಾಡಿ ತೊಡೆಯ ಸ್ನಾಯುವನ್ನು ಬಿಗಿ ಹಿಡಿಯುವುದು, ಬೆನ್ನನ್ನು ಮೆಲ್ಲನೆ ಚಾಚುವುದು ಮುಂತಾದ ವ್ಯಾಯಾಮಗಳು ಫಲಿಸುವುದು ಆಗಲೇ. ಎಲಿಜಬೆತ್ ಕೆನ್ನಿಯವರ ಬಿಸಿ ಬಟ್ಟೆಯ ಹಿಂದೆ ಇದ್ದ ತತ್ವವೂ ಇದೇ. ಕಾವು ಪಡೆದು ಟಿ.ವಿ. ಮುಂದೆ ಒರಗುವವರು ಹದ ಮಾಡಿದ ಹೊಲವನ್ನು ಬೀಳುಬಿಟ್ಟ ಒಕ್ಕಲಿಗನಂತೆ.

ಹೊದಿಕೆಯೊಳಗೆ ಚೀಲವನ್ನಿಟ್ಟು ಮಲಗುವ ಆ ಹಿರಿಯರಿಗೆ ಬೇಕಾದುದು ಕಾವಲ್ಲ; ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ, ದಿನವೂ ಪಾದವನ್ನು ಪರೀಕ್ಷಿಸುವ ಕಣ್ಣುಗಳು, ಹತೋಟಿಯಲ್ಲಿರುವ ಸಕ್ಕರೆ. ಇಷ್ಟನ್ನು ಅವರಿಗೆ ತಿಳಿಹೇಳಬಲ್ಲವರು ಮನೆಯಲ್ಲಿಯೇ ಇದ್ದಾರೆ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದಾರೆ. ಕಾವಿನ ವಿಷಯದಲ್ಲಿ ಅತಿಯೆಂದರೆ ಎಷ್ಟು ಎಂಬುದನ್ನು ಹೇಳುವುದು ಚರ್ಮ. ಅದು ಹೇಳಲಾರದಾದಾಗ ಅದರ ಪರವಾಗಿ ಎಚ್ಚರವಿರಬೇಕಾದವರು ಮನೆಯವರು. ಈ ಚಳಿಗಾಲದಲ್ಲಿ ಬಿಸಿನೀರಿನ ಚೀಲವನ್ನು ಹೊರತೆಗೆಯುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರ ಪಾದಗಳನ್ನು ಒಮ್ಮೆ ಮುಟ್ಟಿ, 'ಗೊತ್ತಾಗುತ್ತಿದೆಯೇ?' ಎಂದು ಕೇಳುವಂತಾದರೆ ಅದಕ್ಕಿಂತ ಉತ್ತಮವಾದ ಚಿಕಿತ್ಸೆ ಬೇರೊಂದಿಲ್ಲ.